ಮಂಗಳಾ ಇಲ್ಲದ ಕ್ಯಾಸೆಟ್ಟು

ಈಗಿನ ಹುಡುಗೂರು ನನ್ನ ಹಂತೇಕ ಬಂದು, "ಕಾಕಾ, ರೆಕಾರ್ಡಿಂಗ್ ಕೆಲಸದಾಗ ಭಾಳ ಮುಖ್ಯ ಯಾವುದ್ರಿ?" ಅಂತ ಕೇಳತಾರ. ಮೈಕಿನ ಸುದ್ದಿ ಹೇಳತೇನಿ, ಇಲ್ಲಾ ಕಂಪ್ಯೂಟರಿನ ಸುದ್ದಿ ಹೇಳತೇನಿ ಅಂತ ಕಿವಿ ನಿಮಿರಿಸಿ ಕುಂತಿರತಾರ. ನಾ ಅಂತೇನಿ, "ಮಶೀನ್ ಯಾವಾಗ ಬಂದ್ ಮಾಡಬೇಕು ಅನ್ನೂದು ತಿಳೀಬೇಕು ತಮ್ಮಾ. ಚಾಲೂ ಮಾಡೂದು ಯಾರಿಗರೆ ಬರತೈತಿ." ಅವರು ನಗತಾರ. ಮುದುಕ ಒಗಟ ಹೇಳಾಕತ್ತಾನ ಅಂತ ತಿಳಕೋತಾರ. ಒಗಟಲ್ಲ. ಆ ಮಾತಿನ ಹಿಂದ ಎರಡು ಮನಿಯ ಕಣ್ಣೀರೈತಿ.

ನಾ ಕೆಲಸ ಮಾಡಿದ್ದು ಬೈಲಹೊಂಗಲದಾಗ, ತೊಂಬತ್ತರ ದಶಕದಾಗ, ಕ್ಯಾಸೆಟ್ಟಿನ ಕಾಲ. ಹತ್ತಿ ಅಡತಿ ಅಂಗಡಿ ಮ್ಯಾಲೆ ಒಳಗೊಂದು ಹೊರಗೊಂದು ಖೋಲಿ, ಅದ ನಮ್ಮ ಸ್ಟುಡಿಯೋ. ಗ್ವಾಡಿಗೆ ಗೋಣಿಚೀಲ, ಗೋಣಿಚೀಲದ ಮ್ಯಾಲೆ ಹಳೇ ಕೌದಿ. ಕೆಳಗ ಹಮಾಲರು ಹತ್ತಿ ಅಂಡಗಿ ಉಳ್ಳಿಸಿದ್ರ ನಮ್ಮ ಟೇಪಿನಾಗ ಗುಡುಗು ಕೇಳತಿತ್ತು. ಬಾಜೂಕ ಮೆಣಸಿನಕಾಯಿ ಅಂಗಡಿ. ಗಾಳಿ ಈ ಕಡೆ ತಿರುಗಿತಂದ್ರ ಭಜನಿ ಮ್ಯಾಳದವರು ಒಬ್ಬರ ಹಿಂದ ಒಬ್ಬರು ಸೀನಾವ್ರು. ಕರೆಂಟಿನ ಸುದ್ದಿಯಂತೂ ಕೇಳಬ್ಯಾಡ್ರಿ. ಹಾಡು ಹದಕ್ಕ ಬಂದಾಗ ಅದು ಹೋಗಬೇಕು.

ಮಾಲಕರು ಚನಬಸಣ್ಣ ಸಾವಕಾರ್ರು. ಮೊದಲು ಅರಿವಿ ಅಂಗಡಿ ಇಟ್ಟವರು. ಹಾಡನ್ನೂ ಅರಿವಿ ಹಂಗ ಅಳದು ಹರಿಯಾವ್ರು. "ಕ್ಯಾಸೆಟ್ಟಿನ ಒಂದು ಮಗ್ಗಲಿಗೆ ಅರ್ಧಾ ತಾಸು. ಹೆಚ್ಚಾದದ್ದು ಕತ್ತರಸು" ಅನ್ನೂದು ಅವರ ಮಂತ್ರ. ಮನಶ್ಯಾ ಕೆಟ್ಟವರಲ್ಲ. ನನ್ನ ಹೆಂಡತಿ ಹಾಸಿಗಿ ಹಿಡದಾಗ ತಾವ ಮುಂದ ನಿಂತು ದವಾಖಾನಿಗೆ ಒಯ್ದವರು. ಆದ್ರ ಹಾಡು ಅಂದ್ರ ಅವರಿಗೆ ಸರಕು, ಅಷ್ಟ.

ಈ ಕೆಲಸದಾಗ ಮೊದಲ ಪಾಠ ನನಗ ಕಲಿಸಿದವರು ಕಿತ್ತೂರ ಕಡೆಯ ಒಂದು ಬ್ಯಾಂಡ್ ಕಂಪನಿಯವರು. ಮದವಿ ಮೆರವಣಿಗ್ಯಾಗ ಬಾರಿಸಾವ್ರು, ಕ್ಲಾರಿನೆಟ್ ಹಿಡದ್ರ ಬೀದಿಗೆ ಬೀದಿ ಹೊರಗ ಬಂದು ನಿಲ್ಲತಿತ್ತು. ಅಂಥವರನ್ನ ಖೋಲಿಯಾಗ ಕುಂಡ್ರಿಸಿ ಬಾರಿಸ್ರಿ ಅಂದ್ರ ಡೋಲು ಒಂದು ದಿಕ್ಕಿಗೆ, ಕ್ಲಾರಿನೆಟ್ ಒಂದು ದಿಕ್ಕಿಗೆ. ಮುಂಜಾನಿಂದ ಮಧ್ಯಾಹ್ನದ ತನಕ ಒಂದು ಹಾಡು ಹೊಂದಲಿಲ್ಲ. ನನಗ ಸಿಟ್ಟು ಬಂದು, "ಇಷ್ಟ ಬರತೈತೇನ್ರಿ ನಿಮಗ?" ಅಂದೆ. ಅವರ ಮುಖಂಡ ದಾವಲಸಾಬ ಕ್ಲಾರಿನೆಟ್ಟಿನ ಬಾಯಿ ಒರಸ್ಕೋತ, "ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ನಮ್ಮ ತಾಳ ಕೈಯಾಗಿಲ್ರಿ, ಕಾಲಾಗೈತ್ರಿ" ಅಂದ.

ಮರುದಿನ ಜಿನ್ನಿಂಗ್ ಮಿಲ್ಲಿಗೆ ಸೂಟಿ ಇತ್ತು. ಮಿಲ್ಲಿನ ಬಯಲಾಗ ಬೇವಿನ ಗಿಡಕ್ಕ ಮೈಕು ಇಳಿಬಿಟ್ಟೆ. ಅವರು ಗಿಡಾ ಸುತ್ತು ಹೊಡಕೋತ ಬಾರಿಸಿದ್ರು. ಕ್ಲಾರಿನೆಟ್ ಹತ್ರ ಬರೂದು, ದೂರ ಹೋಗೂದು, ಮತ್ತ ಹತ್ರ ಬರೂದು. ಸಾವಕಾರ್ರು ಕೇಳಿ, "ಏನಿದು, ದನಿ ನಿಂತಲ್ಲಿ ನಿಲ್ಲಂಗಿಲ್ಲ!" ಅಂತ ಬೈದ್ರು. ಆದ್ರ ಮಂದಿ ಕ್ಯಾಸೆಟ್ಟ ಹಚ್ಚಿ, ಮೆರವಣಿಗಿ ಮನಿ ಮುಂದ ಹಾದು ಹೋದಂಗಾತು ಅಂತ ಕೊಂಡಾಡಿದ್ರು. ಸಿರಸಂಗಿ ಕಡೆಯ ಒಬ್ಬ ಭಜನಿ ಹಾಡಾಂವ ಬಂದಿದ್ದ, ಮುಂದ ಯಾರರೆ ಕುಂತು "ಭಲೆ" ಅನ್ನದಿದ್ರ ಅವನಿಗೆ ದನಿನ ಏಳತಿರಲಿಲ್ಲ. ಕೆಳಗಿನ ಹಮಾಲರನ್ನ ಕರದು ಕುಂಡ್ರಿಸಿದ್ವಿ. ತಲಿ ತೂಗ್ರಿ, ಬಾಯಿ ಬಿಡಬ್ಯಾಡ್ರಿ ಅಂದ್ರ ಕೇಳತಾರೇನು? ಆ ಕ್ಯಾಸೆಟ್ಟಿನ ತುಂಬ ಹಮಾಲರ "ಭಲೆ" ಐತಿ. ಇಂಥಾವು ಬೇಕಾದಷ್ಟು ಅದಾವ. ಆದ್ರ ನಾ ಹೇಳಬೇಕಾದದ್ದು ಮಲ್ಲವ್ವ ಮತ್ತು ಫಕೀರಪ್ಪನ ಸುದ್ದಿ.

ನಮ್ಮ ಭಾಗದ ಗೀಗೀ ಪದದಾಗ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ಕೈಯಾಗ ದಪ್ಪು, ಹಿಂದ ತಾಳ, ತುಂತುಣಿ. ಒಬ್ಬರು ಸವಾಲು ಒಗದ್ರ ಇನ್ನೊಬ್ಬರು ಜವಾಬು ಕೊಡಬೇಕು. ಹಾಡು ನಡದಾಗ ಎದುರಿನವರ ಕೈಯಾನ ನೀರು ಸೈತ ಕುಡ್ಯಾಂಗಿಲ್ಲ, ಅಷ್ಟು ಹಗಿ. ಎಷ್ಟ ಬೈದಾಡಲಿ, ಕಡೀಕ ಇಬ್ಬರೂ ಕೂಡಿ ಮಂಗಳಾ ಹಾಡಿ, ಒಬ್ಬರಿಗೊಬ್ಬರು ಎಲಿ ಅಡಿಕಿ ಕೊಟ್ಟ ಏಳಬೇಕು. ಅಲ್ಲಿಗೆ ಜಗಳ ಮುಗೀತು. ಮಂಗಳಾ ಹಾಡದ ಎದ್ದು ಹೋದ್ರ ಜಗಳ ಮನಿತನಕ ಬೆನ್ನ ಹತ್ತತೈತಿ ಅಂತ ಹಿರೇರು ಹೇಳತಿದ್ರು.

ಮಲ್ಲವ್ವ ನೇಸರಗಿಯಾಕಿ, ನಾಗೇಶಿ. ಗಂಡ ಸತ್ತ ಮ್ಯಾಲೆ ಪದಾ ಹಾಡಿನ ಮಗಳನ್ನ ಬೆಳಸಿದಾಕಿ. ಮೈಕಿಗೆ ಬಾಯಿ ಹಚ್ಚಿದ್ರ ನನ್ನ ಮಶೀನಿನ ಮೀಟರಿನ ಮುಳ್ಳು ಕಡೀತನಕ ಜಿಗದು ಅಲ್ಲೇ ನಡಗತಿತ್ತು. "ಮಲ್ಲಕ್ಕಾ, ನಾಕು ಮಾರು ಹಿಂದ ಸರದು ನಿಂದ್ರು" ಅಂದ್ರ, "ಹೊರಗ ನಿಂತು ಹಾಡಲೇನ್ರಿ ಮಾಸ್ತರ್ರ?" ಅಂತಿದ್ಲು. ಫಕೀರಪ್ಪ ರಾಮದುರ್ಗದ ಕಡೆಯಾಂವ, ಹರದೇಶಿ. ತಣ್ಣಗಿನ ಮನಶ್ಯಾ, ತಲಿಗೆ ಬಿಳೀ ರುಮಾಲು. ದಪ್ಪು ಹಿಡದನಂದ್ರ ತಾಳ ಕೂದಲಷ್ಟೂ ಆಕಡೆ ಈಕಡೆ ಆಗತಿರಲಿಲ್ಲ. ಕಟ್ಟಿ ಮ್ಯಾಲೆ ಹಾವು ಮುಂಗಲಿ, ಕೆಳಗ ಇಳದ್ರ ಅಣ್ಣ ತಂಗಿ. ಅವರ ಮಂಗಳಾ ಕೇಳಾಕಂತ ಮಂದಿ ಬೆಳಗ ಹರಿಯೂ ತನಕ ಕುಂದರತಿದ್ರು. ಮೊದಲ ಸಾಲು ಹರದೇಶಿಯಾಂವ ಎತ್ತಬೇಕು:

"ಗಂಡು ಹೆಚ್ಚಂತ ವಾದವ ಮಾಡಿದೆ, ತಾಯಿ ಹೊಟ್ಟ್ಯಾಗ ಹುಟ್ಟಿ ಬಂದೆ."

ಅದಕ್ಕ ಮಲ್ಲವ್ವ:

"ಹೆಣ್ಣು ಹೆಚ್ಚಂತ ಹಟವ ಹಿಡಿದೆ, ತಂದಿ ಹೆಗಲ ಮ್ಯಾಲ ಕುಂತು ಬೆಳೆದೆ."

ಆಮ್ಯಾಲೆ ಇಬ್ಬರೂ ಕೂಡಿ, "ಮಾತು ಮುಗಿತು, ಮನಸು ಕೂಡಿತು, ಮಂಗಳ ಹಾಡುವೆವು."

ಇವರ ಮೊದಲ ಕ್ಯಾಸೆಟ್ಟ ಮಾಡಿದಾಗ ಮಂಗಳಾನೂ ರೆಕಾರ್ಡ್ ಆಗಿತ್ತು, ಭಾಳ ಚಂದ ಆಗಿತ್ತು. ಸಾವಕಾರ್ರು ಕೇಳಿ, "ಇದು ಹೆಚ್ಚಾಕ್ಕೈತಿ, ತಗಿ" ಅಂದ್ರು.

"ಮಂಗಳಾ ಇಲ್ಲದ ಹೆಂಗ್ರಿ ಸಾವಕಾರ್ರ? ಬೇಕಾದ್ರ ನಡುವಿನ ಒಂದು ಪದಾ ತಗೀತೇನಿ."

"ನಡುವಿಂದ್ಯಾಕ ತಗೀತಿ? ಜಗಳ ಮುಗದ್ರ ಎರಡನೇ ಕ್ಯಾಸೆಟ್ಟ ಯಾರ್ ಕೊಳ್ಳತಾರ? ಜಗಳಾ ಹಂಗ ಇಡು."

ನಾ ಹಟಾ ಮಾಡಿದೆ. "ನೀ ಮಶೀನ್ ನೋಡಪಾ, ಯಾಪಾರ ನಾ ನೋಡತೇನಿ" ಅಂದ್ರು. ಮಂಗಳಾ ಇದ್ದ ಆ ಟೇಪಿನ ಮ್ಯಾಲೆ ಬ್ಯಾರೆ ಯಾರದೋ ಹಾಡು ತುಂಬಿದ್ವಿ. ಟೇಪು ಹಂಗ ಬಿಡೂ ಕಾಲ ಅಲ್ಲ ಅದು.

ಕ್ಯಾಸೆಟ್ಟ ಗಾಳಿ ಹಂಗ ಓಡಾಡಿತು. ರಾಮದುರ್ಗದ ಮಗ್ಗದ ಮನ್ಯಾಗ ಅದ, ಟ್ರ್ಯಾಕ್ಟರಿನ್ಯಾಗ ಅದ. ಸವದತ್ತಿಯ ಒಂದು ಚಾದ ಅಂಗಡ್ಯಾಗ ಹರದೇಶಿ ಕಡೆಯವರು ಕುಂದ್ರೂ ಬಾಕು ಬ್ಯಾರೆ, ನಾಗೇಶಿ ಕಡೆಯವರದು ಬ್ಯಾರೆ ಆಗಿ, ಕಪ್ಪು ಬಸಿ ಒಡದಾಡಿದ್ರು. ಸಾವಕಾರ್ರು ಈ ಸುದ್ದಿ ಕೇಳಿ ತೊಡಿ ತಟ್ಟಿಕೊಂಡು ನಕ್ಕರು.

ಆ ಕ್ಯಾಸೆಟ್ಟಿನ ಕಡೀ ಮಾತು ಫಕೀರಪ್ಪಂದು. "ಒಲಿಯ ಆರಿಸಿ ಊರೂರು ತಿರಗಾಕಿ, ನಿನಗ್ಯಾಕ ಗರತಿಯ ಮಾತ?" ಕಟ್ಟಿ ಮ್ಯಾಲಾಗಿದ್ರ ಇದರ ಬೆನ್ನಿಗೇ ಮಂಗಳಾ ಬರತಿತ್ತು, ತಾಯಿ ಹೊಟ್ಟ್ಯಾಗ ಹುಟ್ಟಿ ಬಂದೆ ಅಂತ ಅವನ ಬಾಯಿಂದನ ಬರತಿತ್ತು. ಬೈದ ಬಾಯಿನ ತೊಳದು ಹೋಗತಿತ್ತು. ಕ್ಯಾಸೆಟ್ಟಿನ್ಯಾಗ ಆ ಮಾತಿನ ಮುಂದ ಬರೇ ಸುಂಯ್ ಅನ್ನೂ ಸಪ್ಪಳ.

ಅದ ಹೊತ್ತಿಗೆ ಮಲ್ಲವ್ವನ ಮಗಳಿಗೆ ಸಂಬಂಧ ಗೊತ್ತಾಗಿತ್ತು. ಬೀಗರು ಬಂದು ಚಾ ಕುಡದು, "ನೋಡ್ರಿ, ನಮ್ಮೂರಾಗ ಆ ಕ್ಯಾಸೆಟ್ಟ ಹಚ್ಚಿ ಮಂದಿ ನಗಾಕತ್ತಾರ. ಊರೂರು ತಿರಗಾಕಿ ಮಗಳು ಅಂತಾರ. ನೀವು ಜವಾಬೂ ಕೊಟ್ಟಿಲ್ಲ" ಅಂದು ಎದ್ದು ಹೋದ್ರು. ಸಂಬಂಧ ಮುರೀತು. ಮಲ್ಲವ್ವ ಇದನ್ನ ಯಾರಿಗೂ ಹೇಳಲಿಲ್ಲ. ನನಗ ತಿಳಿದದ್ದೂ ಎಷ್ಟೋ ವರ್ಷದ ಮ್ಯಾಲೆ.

ಎರಡನೇ ಕ್ಯಾಸೆಟ್ಟಿಗೆ ಇಬ್ಬರೂ ಬಂದ್ರು. ಫಕೀರಪ್ಪನ ಜೋಡಿ ಅವನ ಹೆಂಡತಿ ಶಾಂತವ್ವ ಬಂದಿದ್ಲು, ಬೈಲಹೊಂಗಲ ನೋಡಬೇಕಂತ. ಅವರಿಗೆ ಮಕ್ಕಳಿರಲಿಲ್ಲ. ಆಕಿ ಹೊರಗಿನ ಖೋಲ್ಯಾಗ ಬುತ್ತಿ ಬಿಚ್ಚಿ ರೊಟ್ಟಿ, ಪಲ್ಲೆ ಹೊಂದಿಸಿ ಇಡಾಕತ್ತಿದ್ಲು. ಮಲ್ಲವ್ವನ ಮ್ಯಾಳಕ್ಕೂ ಕೂಡಿ ತಂದಿದ್ಲು. ಒಳಗ ಹಾಡಿದ್ದು ಹೊರಗ ಕೇಳಲಿ ಅಂತ ಸಾವಕಾರ್ರು ಅಲ್ಲೊಂದು ಸ್ಪೀಕರ್ ಹಚ್ಚಿಸಿದ್ರು.

ಮನಿ ಒಳಗಿನ ಸುದ್ದಿ ಪದದಾಗ ತರಬಾರದು, ಇದು ಗೀಗೀ ಪದದ ದೊಡ್ಡ ಕಟ್ಟಳಿ. ಮಲ್ಲವ್ವ ಆವತ್ತು ಅದನ್ನ ಮುರದ್ಲು. ಕಡೀ ಪದದಾಗ ಫಕೀರಪ್ಪನ ಮುಖಾ ನೋಡಕೋತ ಎತ್ತಿದ್ಲು:

"ತೊಟ್ಟಿಲ ಕಟ್ಟದ ಮನಿಯಾಂವ ನೀನು, ಗಂಡಸ್ತನವ ಹಾಡಿ ತೋರಸ್ತೀಯೇನ?"

ಫಕೀರಪ್ಪ ದಪ್ಪು ಬೋರಲ ಇಟ್ಟು ಎದ್ದ. ನಾನೂ ಅವನ ಬೆನ್ನ ಹತ್ತಿ ಹೊರಗ ಬಂದೆ. ಶಾಂತವ್ವ ಸ್ಪೀಕರಿನ ಕೆಳಗ ಕುಂತು, ಬಿಚ್ಚಿದ ಬುತ್ತಿ ತಿರುಗಿ ಕಟ್ಟಾಕತ್ತಿದ್ಲು. ಗಂಟು ಎರಡು ಸಲ ಬಿಚ್ಚಿ ಹೋತು. ಗಂಡ ಹೆಂಡತಿ ಇಬ್ಬರೂ ಪಾವಟಿಗಿ ಇಳದು ಹೋದ್ರು. ರೊಟ್ಟಿ ವಾಸನಿ ಖೋಲ್ಯಾಗ ಉಳೀತು.

"ಸಾವಕಾರ್ರ, ನಿಮ್ಮ ಕಾಲ ಹಿಡೀತೇನಿ, ಈ ಸಾಲು ಬಿಡಬ್ಯಾಡ್ರಿ" ಅಂದೆ. "ಹುಚ್ಚಪ್ಪಾ, ನನಗ ಬೇಕಾಗಿದ್ದ ಇದು" ಅಂದ್ರು. ಸಾಲು ಕ್ಯಾಸೆಟ್ಟಿನ್ಯಾಗ ಹೋತು. ಮಂಗಳಾ ಅಂತೂ ಹಾಡಿರಲೇ ಇಲ್ಲ.

ಆಮ್ಯಾಲೆ ಅವರಿಬ್ಬರೂ ಒಂದ ಕಟ್ಟಿ ಏರಲಿಲ್ಲ. ಯಾಪಾರ ನಿಲ್ಲಲಿಲ್ಲ ಮತ್ತ! ಅವನು ಒಂದು ದಿನ ಬಂದು ಸವಾಲು ಹಾಡಿ ಹೋಗಾಂವ, ಆಕಿ ಇನ್ನೊಂದು ದಿನ ಬಂದು ಜವಾಬು ಹಾಡಿ ಹೋಗಾಕಿ. ನಾ ಎರಡನ್ನೂ ಹೊಲದು ಕೂಡಿಸಾಂವ. ಕೇಳಾವ್ರಿಗೆ ಎದುರಾಬದುರಾ ನಿಂತು ಹಾಡಿದಂಗ. ಫಕೀರಪ್ಪ ಬಂದಾಗ, "ಆಕಿದು ಒಂದಿಷ್ಟು ಹಚ್ಚ್ರಿ" ಅಂತಿದ್ದ. ಕಿವಿಗೆ ಹೆಡ್‌ಫೋನ್ ಹಚ್ಚಿ, ಕಣ್ಣು ಮುಚ್ಚಿ, ತೊಡಿ ಮ್ಯಾಲೆ ಬೆರಳಾಡಿಸಿ ಕೇಳತಿದ್ದ. ಕಡೀಕ, "ಪದದ ಇಳುವಿನಾಗ ತಾಳ ತಪ್ಪ್ಯಾಳ" ಅಂತಿದ್ದ. ಮಾರಿ ಮ್ಯಾಲೆ ಸಣ್ಣ ನಗಿ ಇರತಿತ್ತು. ಮಲ್ಲವ್ವ ಬಂದ್ರ, "ಅಂವ ಬಂದಿದ್ದನೇನ್ರಿ? ದನಿ ಹೆಂಗೈತಿ?" ಅಂತ ಕೇಳಾಕಿ. "ನೀನ ಹೋಗಿ ಮಾತಾಡು ಮಲ್ಲಕ್ಕಾ" ಅಂದ್ರ ಸೆರಗ ಬಾಯಿಗೆ ಹಿಡದು ಮೈಕಿನ ಮುಂದ ಹೋಗಿ ನಿಲ್ಲತಿದ್ಲು.

ಕಾಲ ಬದಲಾತು. ದಪ್ಪಿನ ಜಾಗಾದಾಗ ಪ್ಯಾಡ್ ಬಂತು, ತುಂತುಣಿ ಜಾಗಾದಾಗ ಕೀಬೋರ್ಡ್. ಆಮ್ಯಾಲೆ ಕಂಪ್ಯೂಟರ್. ಹಾಡನ್ನ ಕಣ್ಣೀಲೆ ನೋಡಿ ಕತ್ತರಸೂದು ನನಗ ಹೊಸಾದು, ಮೊದಲ ದಿನ ಒಬ್ಬನ ಉಸಿರೆಲ್ಲಾ ತಗದು ಹಾಕಿ, ಹೆಣ ಹಾಡಿದಂಗ ಮಾಡಿಟ್ಟಿದ್ದೆ. ಸಿಡಿ ಬಂತು, ಮೊಬೈಲ್ ಬಂತು, ಕ್ಯಾಸೆಟ್ಟ ಕೇಳಾವ್ರ ಇಲ್ಲದಂಗಾತು. ಸಾವಕಾರ್ರು ಖೋಲಿ ಖಾಲಿ ಮಾಡಿ ತಿರುಗಿ ಅರಿವಿ ಅಂಗಡ್ಯಾಗ ಕುಂತರು. ನಾ ಹಳೇ ಹಾಡು ತುಂಬಿದ ಕಂಪ್ಯೂಟರ್, ಒಂದು ಸಣ್ಣ ರೆಕಾರ್ಡಿಂಗ್ ಮಶೀನ್ ಇಟಗೊಂಡು ಮನಿಗೆ ಬಂದೆ.

ಒಂದಿನ ಮುಂಜಾನೆ ಮಲ್ಲವ್ವ ನಮ್ಮ ಬಾಗಲಾಗ ನಿಂತಿದ್ಲು. ತಲಿ ಪೂರಾ ಬೆಳ್ಳಗಾಗಿತ್ತು.

"ಮಾಸ್ತರ್ರ, ಫಕೀರಣ್ಣನ ಗಂಟಲಾ ಆಪರೇಶನ್ ಮಾಡ್ಯಾರಂತ್ರಿ. ದನಿ ಹೋಗೇತಂತ. ಮನಶ್ಯಾ ಭಾಳ ದಿನಾ ಉಳ್ಯಾಂಗಿಲ್ಲಂತ. ನಮ್ಮದು ಮಂಗಳಾ ಉಳದೈತ್ರಿ. ಮಂಗಳಾ ಇಲ್ಲದ ಅವನನ್ನ ಹೆಂಗ ಕಳಸಲಿ?" ಅಂದು ಅತ್ತಳು. ಆವತ್ತ ಆಕಿ ಮಗಳ ಸಂಬಂಧ ಮುರದದ್ದು ಹೇಳಿದ್ಲು. ಆ ಮಗಳು ಈಗ ಚಲೋ ಮನ್ಯಾಗ ಅದಾಳ ಅಂತಲೂ ಹೇಳಿದ್ಲು.

ನಾ ಮಶೀನ್ ಚೀಲದಾಗ ಹಾಕ್ಕೊಂಡು ಆಕಿ ಜೋಡಿ ಬಸ್ ಹತ್ತಿದೆ. ದಾರಿ ತುಂಬ ಆಕಿ ಮಡಲಾಗ ಎಲಿ ಅಡಿಕಿ ಪುಡಿಕಿ ಇಟಗೊಂಡು ಕುಂತಿದ್ಲು.

ಫಕೀರಪ್ಪ ಪಡಸಾಲ್ಯಾಗ ಹೊರಸಿನ ಮ್ಯಾಲೆ ಇದ್ದ. ಕೊಳ್ಳಿಗೆ ಅರಿವಿ ಸುತ್ತಿತ್ತು. ನಮ್ಮನ್ನ ನೋಡಿ ಎದ್ದು ಕುಂತ, ಬಾಯಿ ತಗದ, ಬರೇ ಗಾಳಿ ಬಂತು. ಶಾಂತವ್ವ ಬಾಗಲಾಗ ಅಡ್ಡ ನಿಂತಿದ್ಲು. ಬರ್ರಿ ಅನಲಿಲ್ಲ, ಹೋಗ್ರಿ ಅನಲಿಲ್ಲ. ಮಲ್ಲವ್ವ ಹೊಸ್ತಲದ ಹೊರಗ ಕುಂತಳು.

ಶಾಂತವ್ವ ಅಂದ್ಲು, "ಮಲ್ಲವ್ವಾ, ಅವತ್ತು ನೀ ಹಾಡಿದ ಮಾತು ಇವರಿಗೆ ಬಡೀಲಿಲ್ಲ. ಇವರನ್ನ ಕಂಡ್ರ ಮಂದಿ ಹಾಡು ಕೇಳಿದ್ರು. ನನ್ನ ಕಂಡ್ರ ಹೊಟ್ಟಿ ನೋಡಿದ್ರು. ನೀರಿಗೆ ಹೋದಲ್ಲಿ ನೋಡಿದ್ರು, ಸಂತಿಗೆ ಹೋದಲ್ಲಿ ನೋಡಿದ್ರು. ಯಾರ ಮನ್ಯಾಗರೆ ಆ ಕ್ಯಾಸೆಟ್ಟ ಹತ್ತಿದ್ರ ನಾ ಆ ಓಣಿ ಬಿಟ್ಟು ಸುತ್ತ ಹಾಕಿ ಬರತಿದ್ದೆ."

"ಹೌದವ್ವಾ" ಅಂದ್ಲು ಮಲ್ಲವ್ವ. "ನನ್ನ ಮಗಳ ಸಂಬಂಧ ಆ ಮೊದಲ ಕ್ಯಾಸೆಟ್ಟಿನಿಂದ ಮುರದು ಹೋಗಿತ್ತು. ಕಣ್ಣಿಗೆ ಕತ್ತಲಿ ಬಂದಿತ್ತು. ಇವನ್ನ ಹೊಡ್ಯಾಕ ಹೋಗಿ ನಿನ್ನ ಹೊಡದೆ. ನೀ ನನಗ ರೊಟ್ಟಿ ಹಚ್ಚಾಕತ್ತಿದ್ದಿ ಅನ್ನೂದೂ ಆಮ್ಯಾಲೆ ಗೊತ್ತಾತು."

ಮಗಳ ಸುದ್ದಿ ಫಕೀರಪ್ಪನಿಗೆ ಗೊತ್ತಿರಲಿಲ್ಲ. ಅಂವ ಎರಡೂ ಕೈ ತಲಿಗೆ ಇಟಗೊಂಡು ಹಂಗ ಬಗ್ಗಿ ಕುಂತ. ಶಾಂತವ್ವ ಗಂಡನ್ನ ನೋಡಿದ್ಲು, ಹೊಸ್ತಲದಾಗಿನ ಆಕಿನ್ನ ನೋಡಿದ್ಲು. "ಒಳಗ ಬಾ. ಹಾಡೂದಿದ್ರ ಇಲ್ಲೇ ಹಾಡ್ರಿ, ನನ್ನ ಮುಂದ" ಅಂದ್ಲು.

ಫಕೀರಪ್ಪನ ಸಾಲಿಗೆ ಏನ ಮಾಡೂದು? ನಾ ಅಂದೆ, "ಮಲ್ಲಕ್ಕಾ, ಇವನ ಹಳೇ ದನಿ ಎಲ್ಲಾ ನನ್ನ ಕಂಪ್ಯೂಟರಿನ್ಯಾಗ ಐತಿ. ಒಂದೊಂದ ಶಬ್ದ ಆರಿಸಿ ಮಂಗಳದ ಸಾಲು ಕೂಡಸತೇನಿ. ನಿಮ್ಮಿಬ್ಬರನ್ನ ಎಷ್ಟ ವರ್ಷ ಹಂಗ ಹೊಲದಿಲ್ಲ ನಾ?"

"ಬ್ಯಾಡ್ರಿ ಮಾಸ್ತರ್ರ" ಅಂದ್ಲು ಮಲ್ಲವ್ವ. "ಆ ದನಿ ಎಲ್ಲಾ ನನ್ನ ಬೈದದ್ದು. ಬೈದ ದನಿ ತಂದು ಮಂಗಳಕ್ಕ ಹಚ್ಚಬ್ಯಾಡ್ರಿ."

ಫಕೀರಪ್ಪ ಗ್ವಾಡಿ ಮೊಳಿ ತೋರಿಸಿ ದಪ್ಪು ಇಸಗೊಂಡ. ನಾ ಕಿವಿಗೆ ಹೆಡ್‌ಫೋನ್ ಹಚ್ಚಿ ಮಶೀನ್ ಚಾಲೂ ಮಾಡಿದೆ. ತಾಳ ಹಿಡದ. ಅದ ಕೈ, ಕೂದಲಷ್ಟೂ ಹಂಗ ಹಿಂಗ ಇಲ್ಲ. ತನ್ನ ಸಾಲಿಗೆ ಬಾಯಿ ತಗದ. ತುಟಿ ಎಲ್ಲಾ ಮಾತು ಆಡಿದ್ವು, ನನ್ನ ಮಶೀನಿನ್ಯಾಗ ದಪ್ಪಿನ ಹೊರತು ಏನೂ ಏಳಲಿಲ್ಲ. ಮಲ್ಲವ್ವ ಸುಮ್ಮನ ನಿಂತಳು. ಮೊದಲ ಸಾಲು ಏಳದ ಎರಡನೇದು ಎತ್ತಾಂಗಿಲ್ಲ. ಅಂವ ಮತ್ತ ಮೊದಲಿಂದ ಹಿಡದ. ಮತ್ತ ಬರೇ ಗಾಳಿ. ಮಾರಿ ಕೆಂಪಾಗಿ, ಕೊಳ್ಳಿನ ಅರಿವಿ ನಡಗಾಕತ್ತಿತು. ನನಗ ನೋಡಾಕಾಗಲಿಲ್ಲ, ತಲಿ ತಗ್ಗಿಸಿ ಮಶೀನ್ ನೋಡಕೋತ ಕುಂತೆ.

ಆಗ ಮಶೀನಿನ್ಯಾಗ ಒಂದು ದನಿ ಎದ್ದಿತು.

"ಗಂಡು ಹೆಚ್ಚಂತ ವಾದವ ಮಾಡಿದೆ..."

ಕಂಬಕ್ಕ ಆತು ನಿಂತ ಶಾಂತವ್ವ. ಜಲ್ಮದಾಗ ಮಂದ್ಯಾಗ ಹಾಡಿದಾಕಿ ಅಲ್ಲ. ಕಲ್ಲಿನ ಮುಂದ ಕುಂತು ಬೀಸೂವಾಗ ಹಾಡತಾರಲ್ಲ, ಹಂಗ, ಏರಿಲ್ಲ ಇಳುವಿಲ್ಲ. ಗಂಡ ಮನ್ಯಾಗ ಕುಂತು ಹಾಡಿದ್ದನ್ನ ಎಷ್ಟ ವರ್ಷ ಕೇಳಿದ್ಲೋ, ಪೂರಾ ಬಾಯಿಪಾಠ ಇತ್ತು. "ತಾಯಿ ಹೊಟ್ಟ್ಯಾಗ" ಅನ್ನೂಕಡೆ ದನಿ ಹಿಡೀತು. ದಪ್ಪು ಅಲ್ಲೇ ನಿಂತು ಕಾಯ್ತು. "ಹುಟ್ಟಿ ಬಂದೆ" ಅಂತ ಆಕಿ ಸಾಲು ಮುಗಿಸಿದ್ಲು.

ಮಲ್ಲವ್ವ ತನ್ನ ಸಾಲು ಎತ್ತಿದ್ಲು, ಅಳು ತಡೀದ ಎರಡು ಕಡೆ ಮುರದು ಹಾಡಿದ್ಲು. ಕೂಡಿ ಹಾಡೂ ಸಾಲಿಗೆ ಇಬ್ಬರೂ ಹೆಣ್ಮಕ್ಕಳು ಕೂಡಿದ್ರು. ಫಕೀರಪ್ಪ ತುಟಿ ಆಡಿಸಿಕೋತ ಬಾರಿಸಿದ.

ಮಲ್ಲವ್ವ ಪುಡಿಕಿ ಬಿಚ್ಚಿದ್ಲು. ಎಲಿ ಅಡಿಕಿ ಫಕೀರಪ್ಪಗ ಕೊಡಲಿಲ್ಲ, ಶಾಂತವ್ವನ ಮುಂದ ಹಿಡದ್ಲು. ಆವತ್ತಿನ ಹರದೇಶಿ ಆಕಿನ. ಶಾಂತವ್ವ ಇಸಗೊಂಡು, ಅದರಾಗಿಂದ ಒಂದು ಎಲಿ ತಿರುಗಿ ಮಲ್ಲವ್ವನ ಕೈಯಾಗ ಇಟ್ಟಳು. ಒಳಗ ಹೋಗಿ ತಂಬಿಗಿ ನೀರು ತಂದು ಕೊಟ್ಟಳು. ಮಲ್ಲವ್ವ ನಿಂತಲ್ಲೇ ಗಟಗಟ ಕುಡದ್ಲು.

ಇಷ್ಟೂ ಹೊತ್ತು ನಾ ಮಶೀನ್ ಬಂದ್ ಮಾಡಲಿಲ್ಲ. ಸಾವಕಾರ್ರ ಅರ್ಧಾ ತಾಸು ಎಂದೋ ಮುಗದಿತ್ತು, ಇನ್ನ ನನಗ ಹೇಳಾವ್ರ ಯಾರು? ಮೈಕು ಹೊರಸಿನ ಕಾಲ ಹಂತೇಕ ಇತ್ತು. ಫಕೀರಪ್ಪ ಬಗ್ಗಿ, ಇದ್ದ ಉಸಿರೆಲ್ಲಾ ಕೂಡಿಸಿ, "ಮಲ್ಲವ್ವಾ, ಇಳುವಿನಾಗ ತಾಳ ತಪ್ಪಿದಿ" ಅಂದ. ಅದು ಮಾತಲ್ಲ, ಗಾಳಿ. ಮೈಕು ಹತ್ರ ಇದ್ದದ್ದಕ್ಕ ಸಿಕ್ತು. ಮಲ್ಲವ್ವ ಅಳಕೋತ ನಕ್ಕಳು. ಶಾಂತವ್ವನೂ ನಕ್ಕಳು. ಅವನೂ ನಕ್ಕ, ಅದೂ ಗಾಳಿನ.

ಆ ಮಳಿಗಾಲ ಮುಗಿಯೂದ್ರಾಗ ಫಕೀರಪ್ಪ ಹೋದ.

ಕಾರ್ಯಾ ಮುಗದ ಮ್ಯಾಲೆ ನಾನೂ ಮಲ್ಲವ್ವನೂ ಶಾಂತವ್ವನ ಮಾತಾಡಿಸಾಕ ಹೋದ್ವಿ. ಮನ್ಯಾಗ ಅವನ ಕ್ಯಾಸೆಟ್ಟ ಒಂದು ಟ್ರಂಕಿನಷ್ಟ ಇದ್ವು, ಎಲ್ಲಾದ್ರಾಗೂ ಅಂವ ಜಗಳಾ ಆಡತಾನ. ನಾ ಚೀಲದಿಂದ ಮಶೀನ್ ತಗದು, "ಮಂಗಳಾ ಹಚ್ಚಲೇನವ್ವಾ, ಕೇಳತೀಯೇನು?" ಅಂದೆ.

ಶಾಂತವ್ವ ಹತ್ರ ಸರದು, ಮಶೀನಿಗೆ ಕಿವಿ ಹಚ್ಚಿ ಕುಂತಳು.

"ಹಾಡು ಬ್ಯಾಡ್ರಿ ಮಾಸ್ತರ್ರ" ಅಂದ್ಲು. "ಹಾಡು ಮುಗದ ಮ್ಯಾಲಿಂದು ಹಚ್ಚ್ರಿ."